ಹೈದರಾಬಾದಿನಿಂದ ದುಬೈಗೆ ಎಷ್ಟು ಗಂಟೆ?

ಕಳೆದ ಡಿಸೆಂಬರಿನಲ್ಲಿ ಚಾಚಾ ಕೆಲಸಕ್ಕೆಂದು ಮೊದಲ ಸಲ ದುಬೈಗೆ ಹೊರಟರು. ವಾಡಿಯಿಂದ ರೈಲು, ಹೈದರಾಬಾದಿನಿಂದ ವಿಮಾನ. ಟಿಕೆಟಿನಲ್ಲಿ ಹೊರಡುವುದು ಬೆಳಿಗ್ಗೆ 10, ತಲುಪುವುದು ಮಧ್ಯಾಹ್ನ 12.30 ಎಂದಿತ್ತು. ‘ಎರಡೂವರೆ ಗಂಟೆ ಅಷ್ಟೇ’ ಎಂದು ದಾದಿಗೆ ಲೆಕ್ಕ ಹೇಳಿದವನು ನಾನೇ. ಒಂದಾಯಿತು, ಎರಡಾಯಿತು, ಫೋನ್ ಬರಲಿಲ್ಲ. ದಾದಿ ಊಟ ಮುಟ್ಟದೆ ಜಾನಮಾಜಿನ ಮೇಲೆ ಕುಳಿತುಬಿಟ್ಟರು. ಫೋನ್ ಬಂದದ್ದು ಮೂರಕ್ಕೆ.

ತಪ್ಪು ನನ್ನ ಲೆಕ್ಕದ್ದು. ಟಿಕೆಟಿನಲ್ಲಿ ಆಯಾ ಊರಿನ ಗಡಿಯಾರದ ಸಮಯವಿರುತ್ತದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ನಮ್ಮ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ದುಬೈಯದು 60 ಡಿಗ್ರಿಯದು. ವ್ಯತ್ಯಾಸ 22.5, ಅದನ್ನು 4ರಿಂದ ಗುಣಿಸಿದರೆ 90 ನಿಮಿಷ. ದುಬೈ ಗಡಿಯಾರ ನಮಗಿಂತ ಅಷ್ಟು ಹಿಂದೆ. ಅಂದರೆ ಪ್ರಯಾಣ ನಾಲ್ಕು ಗಂಟೆ. ಚಾಚಾ ಇಳಿಯುವಾಗ ರಾವೂರಿನಲ್ಲಿ 2 ಗಂಟೆ.

ನೇರ ದೂರ ಸುಮಾರು 2,550 ಕಿ.ಮೀ. ಗಂಟೆಗೆ 850 ಕಿ.ಮೀ. ವೇಗಕ್ಕೆ ಮೂರೇ ಗಂಟೆ ಸಾಕಲ್ಲವೇ? ಸಾಲದು. ರನ್‌ವೇವರೆಗೆ ಸಾಗುವುದು, ಏರುವುದು, ಇಳಿಯುವುದು ಎಲ್ಲ ನಿಧಾನ. ಚಳಿಗಾಲದಲ್ಲಿ ಮೇಲಿನ ಪಶ್ಚಿಮದ ಗಾಳಿಯೂ ಎದುರಾಗುತ್ತದೆ. ಮರಳುವಾಗ ಅದೇ ಗಾಳಿ ಹಿಂದಿನಿಂದ ನೂಕುತ್ತದೆ.

ಈ ಜನವರಿಯಲ್ಲಿ ಚಾಚಾ ಊರಿಗೆ ಬರುತ್ತಾರೆ. ಟಿಕೆಟಿನಲ್ಲಿ ರಾತ್ರಿ 10ಕ್ಕೆ ಹೊರಟು ನಸುಕಿನ 3ಕ್ಕೆ ತಲುಪುವುದು ಎಂದಿದೆ. ಎಷ್ಟು ಗಂಟೆಯ ಪ್ರಯಾಣ? ದಾದಿಗೆ ನಾನು ಹೇಳಿಯಾಗಿದೆ, ನೀವೂ ಲೆಕ್ಕ ಹಾಕಿ.