ಬೇಸಗೆಯ ನಿಂಬೆಯ ಪಾನಕ: ಹಣ್ಣು, ಸೊಪ್ಪು ಮತ್ತು ಬೇರುಗಳನ್ನು ಸೇರಿಸಿ ಮನೆಯಲ್ಲಿಯೇ ತಯಾರಿಸುವ ಕ್ರಮ

ಪೀಠಿಕೆ

ಚೈತ್ರ ವೈಶಾಖ ಮಾಸಗಳ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರ ದೇಹದಿಂದ ಬೆವರಿನ ಮೂಲಕ ನೀರೂ ಉಪ್ಪೂ ಏಕಕಾಲದಲ್ಲಿ ನಷ್ಟವಾಗುತ್ತವೆ. ಈ ನಷ್ಟವು ತುಂಬಿಬಾರದಿದ್ದಲ್ಲಿ ಮೊದಲು ಆಯಾಸವೂ ತಲೆನೋವೂ, ಅನಂತರ ಸ್ನಾಯುಗಳ ಸೆಳೆತವೂ, ಕೊನೆಗೆ ಪ್ರಾಣಕ್ಕೇ ಅಪಾಯವೂ ಉಂಟಾಗುವುದು. ಮಜ್ಜಿಗೆಯೊಂದನ್ನು ಬಿಟ್ಟರೆ, ಈ ನಷ್ಟವನ್ನು ತುಂಬುವುದಕ್ಕೆ ನಿಂಬೆಯ ಪಾನಕಕ್ಕಿಂತ ಸುಲಭವೂ ರುಚಿಕರವೂ ಆದ ಪಾನೀಯವು ರೈತರ ಮನೆಗಳಲ್ಲಿ ಮತ್ತೊಂದಿಲ್ಲ. ಅದಕ್ಕೆ ಬೇಕಾದ ಹಣ್ಣು, ಬೆಲ್ಲ, ಸೊಪ್ಪು ಮತ್ತು ಬೇರುಗಳು ಹಿತ್ತಿಲಿನಲ್ಲಿಯೋ ಸಂತೆಯಲ್ಲಿಯೋ ದೊರೆಯತಕ್ಕವುಗಳೇ ಆಗಿವೆ.

ಆದರೆ ಪಾನಕವು ಹಣ್ಣಿನ ಗುಣದಿಂದ ಮಾತ್ರವೇ ಒಳ್ಳೆಯದಾಗುವುದಿಲ್ಲ. ಕೆಟ್ಟ ನೀರಿನಲ್ಲಿ ಕಲಸಿದ, ತಕ್ಕದ್ದಲ್ಲದ ಪಾತ್ರೆಯಲ್ಲಿ ಇಟ್ಟ ಪಾನಕವು ಬಾಯಾರಿಕೆಯನ್ನು ತಣಿಸುವುದಕ್ಕೆ ಬದಲಾಗಿ ಮನೆಮಂದಿಯನ್ನೂ ಕೆಲವು ವೇಳೆ ಊರನ್ನೇ ಹಾಸಿಗೆ ಹಿಡಿಸಬಲ್ಲುದು. ಆದುದರಿಂದ ಮೊದಲು ನೀರು ಮತ್ತು ಪಾತ್ರೆಗಳ ವಿಷಯವನ್ನೂ, ಆ ಮೇಲೆ ಪಾನಕದ ಕ್ರಮವನ್ನೂ ಇಲ್ಲಿ ವಿವರಿಸಿದೆ.

1. ನೀರು

ನಿಂಬೆಯ ರಸದ ಹುಳಿಯು ನೀರಿನ ದೋಷವನ್ನು ಕಳೆಯುವುದೆಂಬ ನಂಬಿಕೆಯು ಅನೇಕ ಕಡೆಗಳಲ್ಲಿದೆ. ಪಾನಕಕ್ಕೆ ಹಿಂಡುವ ಅಲ್ಪ ರಸವನ್ನು ಈ ಕೆಲಸಕ್ಕೆ ನಂಬುವಂತಿಲ್ಲ. 1884ನೆಯ ಇಸವಿಯಲ್ಲಿ ಜರ್ಮನಿಯ ವೈದ್ಯರಾದ ರಾಬರ್ಟ್ ಕೋಖ್ ಎಂಬವರು ಕಲ್ಕತ್ತೆಯ ಒಂದು ಕೆರೆಯ ನೀರಿನಲ್ಲಿ ಕಾಲರಾ ರೋಗದ ಕ್ರಿಮಿಗಳನ್ನು ಕಂಡುಹಿಡಿದರು. ಆ ಕೆರೆಯ ನೀರನ್ನೇ ಸುತ್ತಲಿನ ಜನರು ಕುಡಿಯುವುದಕ್ಕೂ ಬಟ್ಟೆ ಒಗೆಯುವುದಕ್ಕೂ ಉಪಯೋಗಿಸುತ್ತಿದ್ದರು. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲಿಯೂ ಇಂತಹ ಕ್ರಿಮಿಗಳು ಇರಬಹುದು.

ಪಾನಕಕ್ಕೆ ಉಪಯೋಗಿಸುವ ನೀರನ್ನು ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಒಂದೆರಡು ನಿಮಿಷಗಳ ಕಾಲ ಚೆನ್ನಾಗಿ ಮರಳಿಸಿ, ಮುಚ್ಚಿದ ಪಾತ್ರೆಯಲ್ಲಿಯೇ ಆರಿಸತಕ್ಕದ್ದು. ರಾತ್ರಿ ಕಾಯಿಸಿ, ಶುಭ್ರವಾದ ಮಣ್ಣಿನ ಹೂಜಿಯಲ್ಲಿ ಹಾಕಿಟ್ಟರೆ ಬೆಳಗಾಗುವುದರೊಳಗೆ ನೀರು ತಣ್ಣಗಾಗುವುದು. ಪೇಟೆಯಿಂದ ತರುವ ಮಂಜುಗಡ್ಡೆಯು ಎಂತಹ ನೀರಿನದೆಂಬುದು ತಿಳಿಯದಿದ್ದರೆ ಅದನ್ನು ಪಾನಕದೊಳಗೆ ಹಾಕಬಾರದು.

2. ಪಾತ್ರೆ

ನಿಂಬೆಯ ರಸದಲ್ಲಿ ನೂರಕ್ಕೆ ಸುಮಾರು 6ರಿಂದ 8 ಭಾಗದಷ್ಟು ಸಿಟ್ರಿಕ್ ಆಮ್ಲವು ಇರುವುದು. ಈ ಆಮ್ಲವು ತಾಮ್ರವನ್ನೂ ಹಿತ್ತಾಳೆಯನ್ನೂ ಕರಗಿಸುತ್ತದೆ. ಕಿಲುಬು ಹಿಡಿದ ಚೊಂಬನ್ನು ಹುಣಸೆಹುಳಿಯಿಂದ ತಿಕ್ಕಿದೊಡನೆ ಅದು ಥಳಥಳಿಸುವುದನ್ನು ಎಲ್ಲರೂ ಕಂಡಿರುವರು. ಹುಳಿಯು ಕಿಲುಬನ್ನು ಕರಗಿಸಿ ತೆಗೆಯುವುದೇ ಇದಕ್ಕೆ ಕಾರಣ. ಪಾನಕವನ್ನು ಕಲಾಯಿ ಇಲ್ಲದ ತಾಮ್ರ ಅಥವಾ ಹಿತ್ತಾಳೆಯ ಕೊಳದಪ್ಪಲೆಯಲ್ಲಿ ಕೆಲವು ಗಂಟೆಗಳ ಕಾಲ ಇಟ್ಟಲ್ಲಿ ಇದೇ ಕಾರ್ಯವು ನಡೆದು, ಕರಗಿದ ತಾಮ್ರವು ಕುಡಿಯುವವರ ಹೊಟ್ಟೆಯನ್ನು ಸೇರುವುದು. ಓಕರಿಕೆ, ವಾಂತಿ ಮತ್ತು ಹೊಟ್ಟೆನೋವು ಇದರ ಫಲಗಳು.

ಗಾಜು, ಪಿಂಗಾಣಿಯ ಭರಣಿ ಮತ್ತು ತುಕ್ಕು ಹಿಡಿಯದ ಉಕ್ಕಿನ ಪಾತ್ರೆಗಳು ಪಾನಕಕ್ಕೆ ಯೋಗ್ಯವಾದುವು. ಹಿತ್ತಾಳೆಯ ಹಂಡೆಯೊಂದೇ ಗತಿಯಾದಲ್ಲಿ ಅದಕ್ಕೆ ಹೊಸದಾಗಿ ಕಲಾಯಿ ಹಾಕಿಸಿರಬೇಕು. ಬೆಳೆಗಳಿಗೆ ಸಿಂಪಡಿಸುವ ಕೀಟನಾಶಕಗಳೂ ರಾಸಾಯನಿಕಗಳೂ ಬಂದ ಡಬ್ಬಿ ಪೀಪಾಯಿಗಳನ್ನು ಎಷ್ಟು ಸಲ ತೊಳೆದರೂ ನೀರಿಗಾಗಲಿ ಪಾನಕಕ್ಕಾಗಲಿ ಎಂದಿಗೂ ಉಪಯೋಗಿಸಕೂಡದು. ಅವುಗಳನ್ನು ತೂತುಮಾಡಿ ಬೇರೆಯವರ ಕೈಗೂ ಸಿಕ್ಕದಂತೆ ಮಾಡುವುದು ಭೂಮಾಲೀಕರ ಕರ್ತವ್ಯವಾಗಿದೆ.

3. ಹಣ್ಣು ಮತ್ತು ರಸ

ತೆಳುವಾದ ಸಿಪ್ಪೆಯುಳ್ಳ, ಹಳದಿಗೆ ತಿರುಗುತ್ತಿರುವ, ಕೈಯಲ್ಲಿ ಹಿಡಿದರೆ ಭಾರವಾಗಿ ತೋರುವ ಹಣ್ಣುಗಳನ್ನು ಆರಿಸಬೇಕು. ಕೊಳೆತುದೊಂದು ಸೇರಿದರೂ ರಸವೆಲ್ಲ ಕೆಡುವುದು. ಹಣ್ಣುಗಳನ್ನು ತೊಳೆದು, ಒರಸಿ, ಹಲಗೆಯ ಮೇಲೆ ಅಂಗೈಯಿಂದ ಹೊರಳಿಸಿ, ಅಡ್ಡಲಾಗಿ ಕೊಯ್ದು ಹಿಂಡತಕ್ಕದ್ದು. ಕೊನೆಯ ತೊಟ್ಟಿನವರೆಗೂ ಬಲವಾಗಿ ಹಿಂಡಿದರೆ ಸಿಪ್ಪೆಯ ಮತ್ತು ಬೀಜದ ಕಹಿಯು ರಸಕ್ಕೆ ಇಳಿಯುವುದು. ಹಣ್ಣಿನ ಗಾತ್ರವನ್ನು ಅನುಸರಿಸಿ 50ರಿಂದ 70 ಹಣ್ಣುಗಳಿಗೆ ಸುಮಾರು ಒಂದು ಲೀಟರು ರಸ ಬರುವುದು. ರಸವನ್ನು ಒಡನೆಯೇ ಸೋಸಿ ಅದೇ ದಿನ ಸಕ್ಕರೆಯೊಡನೆ ಸೇರಿಸಬೇಕು, ತಡಮಾಡಿದಲ್ಲಿ ಕಹಿಯಾಗುವುದು.

ರಸವನ್ನು ಎಂದಿಗೂ ಕುದಿಸಬಾರದು. 1747ನೆಯ ಇಸವಿಯಲ್ಲಿ ಬ್ರಿಟನ್ನಿನ ನೌಕಾವೈದ್ಯರಾದ ಜೇಮ್ಸ್ ಲಿಂಡ್ ಎಂಬವರು, ವಸಡಿನಿಂದ ರಕ್ತ ಒಸರುವ ಸ್ಕರ್ವಿ ಎಂಬ ರೋಗದಿಂದ ನರಳುತ್ತಿದ್ದ 12 ಮಂದಿ ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಪಥ್ಯಗಳನ್ನು ಕೊಟ್ಟು ನೋಡಿದರು. ಕಿತ್ತಳೆಯನ್ನೂ ನಿಂಬೆಯನ್ನೂ ತಿಂದ ಇಬ್ಬರೇ ಎಲ್ಲರಿಗಿಂತ ಬೇಗ ಗುಣಹೊಂದಿದರು. ಈ ಗುಣಕ್ಕೆ ಕಾರಣವಾದ ಸಿ ಜೀವಸತ್ವವು ಬಿಸಿಯಿಂದ ನಾಶವಾಗತಕ್ಕದ್ದು. ಪಾಕವು ಪೂರ್ಣವಾಗಿ ಆರಿದ ಮೇಲೆಯೇ ರಸವನ್ನು ಬೆರೆಸಬೇಕೆಂಬ ನಿಯಮವು ಈ ಕಾರಣದಿಂದಲೇ ಬಂದುದಾಗಿದೆ.

4. ಇಟ್ಟು ಬಳಸುವ ಪಾಕ

ಬೇಸಗೆಯಲ್ಲಿ ನಿಂಬೆಯ ಹಣ್ಣಿಗೆ ಬೆಲೆ ಹೆಚ್ಚು. ಒಂದು ಸಂತೆಯಲ್ಲಿ ಕೊಂಡ ಹಣ್ಣು ಒಣಗಿ ಹೋಗದಂತೆ ಕೆಲವು ವಾರಗಳವರೆಗೆ ಉಪಯೋಗಕ್ಕೆ ಬರಬೇಕಾದರೆ ಪಾಕಮಾಡಿ ಇಡುವುದು ಲಾಭಕರ. ಬೇಕಾದ ಪರಿಮಾಣ ಹೀಗಿದೆ:

ಸೋಸಿದ ನಿಂಬೆಯ ರಸ: 1 ಲೀಟರು
ಸಕ್ಕರೆ: 2 ಕಿಲೋಗ್ರಾಂ
ನೀರು: 1 ಲೀಟರು

ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ, ಕುದಿಸಿ, ಮೇಲೆ ಬರುವ ಕಶ್ಮಲವನ್ನು ತೆಗೆದುಹಾಕಿ, ಬಟ್ಟೆಯಲ್ಲಿ ಸೋಸಿ ಆರಿಸಬೇಕು. ಅನಂತರ ರಸವನ್ನು ಬೆರೆಸಿ, ಕುದಿಯುವ ನೀರಿನಲ್ಲಿ ತೊಳೆದು ತೇವವಿಲ್ಲದಂತೆ ಒಣಗಿಸಿದ ಸೀಸೆಗಳಲ್ಲಿ ತುಂಬಿ ಬಿರಡೆ ಹಾಕತಕ್ಕದ್ದು. ಈ ಪ್ರಮಾಣದಿಂದ ಸುಮಾರು ಮೂರೂಕಾಲು ಲೀಟರು ಪಾಕ ದೊರೆಯುವುದು. ಒಂದು ಭಾಗ ಪಾಕಕ್ಕೆ ನಾಲ್ಕು ಭಾಗ ನೀರನ್ನು ಸೇರಿಸಿದರೆ 200 ಮಿಲಿಲೀಟರಿನ ಸುಮಾರು 80 ಲೋಟಗಳಷ್ಟು ಪಾನಕವಾಗುವುದು. ತಂಪಾದ ಕತ್ತಲೆಯ ಸ್ಥಳದಲ್ಲಿ ಎರಡು ವಾರಗಳೂ, ಶೀತಕ ಪೆಟ್ಟಿಗೆಯಲ್ಲಿ ಅದಕ್ಕಿಂತ ಹೆಚ್ಚು ಕಾಲವೂ ಪಾಕವು ನಿಲ್ಲುವುದು. ಬಿರಡೆ ತೆಗೆದಾಗ ನೊರೆಯುಕ್ಕಿದರೆ, ಹುಳಿತ ವಾಸನೆ ಬಂದರೆ ಅಥವಾ ಮೇಲೆ ಬೂಷ್ಟು ಕಂಡರೆ ಸೀಸೆಯಲ್ಲಿರುವುದೆಲ್ಲವನ್ನೂ ಚೆಲ್ಲಬೇಕೇ ಹೊರತು ಬೂಷ್ಟನ್ನು ಮಾತ್ರ ತೆಗೆದು ಉಳಿದುದನ್ನು ಕುಡಿಯಬಾರದು. ನೀರು ಬೆರೆಸಿದ ಪಾನಕವನ್ನು ಮರುದಿನಕ್ಕೆ ಇಡತಕ್ಕದ್ದಲ್ಲ.

5. ಸೊಪ್ಪು ಮತ್ತು ಬೇರುಗಳು

ಪುದೀನ ಮತ್ತು ತುಳಸಿ: ಎಳೆಯ ಎಲೆಗಳನ್ನು ಚೆನ್ನಾಗಿ ತೊಳೆದು, ಕೈಯಿಂದ ಸ್ವಲ್ಪ ಹಿಸುಕಿ, ಇಳಿಸಿದ ಬಿಸಿ ಪಾಕದಲ್ಲಿ ಹಾಕಿ ಮುಚ್ಚಬೇಕು. ಪಾಕವು ಆರಿದ ಮೇಲೆ ಎಲೆಗಳನ್ನು ಸೋಸಿ ತೆಗೆಯಬೇಕು. ಎಲೆಯನ್ನು ಪಾಕದೊಡನೆ ಕುದಿಸಿದರೆ ಪರಿಮಳವು ಆವಿಯಾಗಿ ಹೋಗಿ ಒಗರು ಮಾತ್ರ ಉಳಿಯುವುದು.

ಲಾವಂಚ: ಬೇರನ್ನು ಮಣ್ಣು ಹೋಗುವವರೆಗೆ ಹಲವು ಸಲ ತೊಳೆದು, ಕಾಯಿಸಿ ಆರಿಸಿದ ನೀರಿನಲ್ಲಿ ರಾತ್ರಿಯೆಲ್ಲ ನೆನೆಹಾಕಿ, ಬೆಳಗ್ಗೆ ಸೋಸಿ ಆ ನೀರಿನಿಂದ ಪಾನಕವನ್ನು ಮಾಡಬೇಕು. ಆದರೆ ಹೊಲದ ಬದುವಿನ ಮೇಲೆ ಮಣ್ಣು ಕೊಚ್ಚಿ ಹೋಗದಂತೆ ತಡೆಯುತ್ತಿರುವ ಲಾವಂಚವನ್ನು ಬೇರಿಗಾಗಿ ಅಗೆಯುವುದು, ಪಾನಕಕ್ಕಾಗಿ ಹೊಲವನ್ನೇ ಕಳೆದುಕೊಂಡಂತೆ. ಬಾವಿಯ ಬಳಿ ನೀರು ಹರಿದುಹೋಗುವ ಕಡೆ ನಾಲ್ಕೈದು ಮೆಳೆಗಳನ್ನು ಬೇರೆಯಾಗಿಯೇ ನೆಟ್ಟುಕೊಳ್ಳತಕ್ಕದ್ದು.

ಸೊಗದೆ ಬೇರು: ಒಣಗಿದ ಬೇರು 50 ಗ್ರಾಮನ್ನು ಜಜ್ಜಿ, ಒಂದು ಲೀಟರು ಕುದಿಯುವ ನೀರಿನಲ್ಲಿ ಹಾಕಿ, ರಾತ್ರಿ ಮುಚ್ಚಿಟ್ಟು ಸೋಸಬೇಕು. ಈ ನೀರಿನಿಂದ ಮೇಲ್ಕಂಡ ಪಾಕವನ್ನು ಮಾಡಿದಲ್ಲಿ ಬಹಳ ಸುವಾಸನೆಯಾಗಿರುವುದು. ಕಾಡಿನ ಇತರ ಬಳ್ಳಿಗಳ ಬೇರುಗಳು ಇದನ್ನು ಹೋಲುವುದುಂಟಾದ್ದರಿಂದ, ಗುರುತು ಬಲ್ಲವರಿಂದಲ್ಲದೆ ತರಿಸಬಾರದು. ಬಳ್ಳಿಯನ್ನು ಬುಡಸಮೇತ ಕೀಳದೆ ಒಂದು ಭಾಗದ ಬೇರನ್ನು ಮಣ್ಣಿನಲ್ಲಿ ಬಿಟ್ಟರೆ ಮತ್ತೆ ಚಿಗುರುವುದು.

ಕಾಮಕಸ್ತೂರಿ ಬೀಜ: ಒಂದು ಚಹಾ ಚಮಚ ಬೀಜವನ್ನು ಒಂದು ಲೋಟ ನೀರಿನಲ್ಲಿ ಕಾಲು ಗಂಟೆ ನೆನೆಹಾಕಿದರೆ ಅದು ಉಬ್ಬಿ ಲೋಳೆಯಾಗುವುದು. ನೆನೆಯದ ಬೀಜವು ಗಂಟಲಿನಲ್ಲಿ ಉಬ್ಬಿ ಸಿಕ್ಕಿಕೊಳ್ಳಬಹುದಾದ್ದರಿಂದ ಮಕ್ಕಳ ವಿಷಯದಲ್ಲಿ ಎಚ್ಚರಿಕೆ ಅಗತ್ಯ.

6. ನಿಂಬೆಯೊಡನೆ ಸೇರತಕ್ಕ ಹಣ್ಣುಗಳು

ನಿಂಬೆಯು ದುಬಾರಿಯಾದ ದಿನಗಳಲ್ಲಿ ಅರ್ಧದಷ್ಟು ರಸಕ್ಕೆ ಬದಲಾಗಿ ಬೇರೆ ಹಣ್ಣನ್ನು ಸೇರಿಸಬಹುದು. ಶ್ರೀರಾಮನವಮಿಯ ವೇಳೆಗೆ ಸಂತೆಗೆ ಬರುವ ಬೇಲದ ಹಣ್ಣಿನ ತಿರುಳನ್ನು ಬೆಲ್ಲದೊಡನೆ ಕಿವುಚಿ, ನೀರು ಸೇರಿಸಿ ಸೋಸಿದರೆ ಗಟ್ಟಿಯಾದ ಪಾನಕವಾಗುವುದು. ಅದಕ್ಕೆ ಏಲಕ್ಕಿಯೇ ಸಾಕು. ಕರಬೂಜದ ತಿರುಳಿನಲ್ಲಿ ಸಿಹಿಯಿದ್ದು ಹುಳಿಯಿಲ್ಲದ್ದರಿಂದ ನಿಂಬೆಯು ಅದಕ್ಕೆ ಚೆನ್ನಾಗಿ ಹೊಂದುವುದು. ಆದರೆ ಕೊಯ್ದ ಕರಬೂಜವು ಬಹುಬೇಗ ಕೆಡತಕ್ಕದ್ದು. ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಬೇಸಗೆಯಲ್ಲಿ ಹಣ್ಣಾಗುವ ಪುನರ್ಪುಳಿ ಅಥವಾ ಮುರುಗಲಿನ ಸಿಪ್ಪೆಯನ್ನು ಸಕ್ಕರೆಯೊಡನೆ ಪದರಪದರವಾಗಿ ಭರಣಿಯಲ್ಲಿ ತುಂಬಿ ಒಂದು ವಾರ ಬಿಸಿಲಿನಲ್ಲಿಟ್ಟರೆ ಕೆಂಪು ಪಾಕವು ತಾನಾಗಿಯೇ ಇಳಿಯುವುದು. ಸುಟ್ಟ ಅಥವಾ ಬೇಯಿಸಿದ ಮಾವಿನಕಾಯಿಯ ತಿರುಳು ಎಲ್ಲ ಸೀಮೆಗಳಲ್ಲಿಯೂ ದೊರೆಯತಕ್ಕದ್ದು.

7. ಹೊಲದ ಕೆಲಸಗಾರರಿಗೆ

ದುಡಿಯುವವರ ಪಾನಕದಲ್ಲಿ ಸಿಹಿ ಕಡಿಮೆಯಾಗಿಯೂ ಉಪ್ಪು ಸ್ವಲ್ಪ ಇರುವಂತೆಯೂ ನೋಡಿಕೊಳ್ಳಬೇಕು. ಕಾಯಿಸಿ ಆರಿಸಿದ 10 ಲೀಟರು ನೀರಿಗೆ ಕರಗಿಸಿ ಸೋಸಿದ ಬೆಲ್ಲ 600 ಗ್ರಾಂ, ನಿಂಬೆಯ ಹಣ್ಣು 20, ಉಪ್ಪು ಸಮತಟ್ಟಾದ ಎರಡು ಚಹಾ ಚಮಚ, ಜಜ್ಜಿದ ಶುಂಠಿ ಒಂದು ತುಂಡು ಸಾಕು. ಉಪ್ಪನ್ನು ಹೆಚ್ಚಿಸಿದರೆ ಗುಣ ಹೆಚ್ಚುವುದಿಲ್ಲ. ಬಾಯಾರಿಕೆಯಾಗುವವರೆಗೆ ಕಾಯದೆ ಆಗಾಗ್ಗೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ಬಿಸಿಲಿನಲ್ಲಿ ಕೆಲಸಮಾಡುತ್ತಿದ್ದವನ ಮೈ ಸುಡುತ್ತ, ಮಾತು ತೊದಲಿ, ಪ್ರಜ್ಞೆ ತಪ್ಪುವಂತಾದರೆ ಅದು ಪಾನಕದಿಂದ ವಾಸಿಯಾಗತಕ್ಕದ್ದಲ್ಲ. ಪ್ರಜ್ಞೆ ಇಲ್ಲದವನ ಬಾಯಿಗೆ ಏನನ್ನೂ ಹೊಯ್ಯಬಾರದು. ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತ, ತಡಮಾಡದೆ ಆಸ್ಪತ್ರೆಗೆ ಸಾಗಿಸತಕ್ಕದ್ದು.

ವಾಂತಿಭೇದಿಯಾದವರಿಗೆ ಸಿಹಿಯಾದ ಪಾನಕವು ಹಿತವಲ್ಲ; ಹೆಚ್ಚಾದ ಸಕ್ಕರೆಯು ಕರುಳಿಗೆ ಮತ್ತಷ್ಟು ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುವುದು. ಒಂದು ಲೀಟರು ಶುದ್ಧವಾದ ನೀರಿಗೆ ಸಮತಟ್ಟಾದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಎಂಬ ಅಳತೆಯೇ ಅವರಿಗೆ ತಕ್ಕುದು. 1971ನೆಯ ಇಸವಿಯಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ, ವೈದ್ಯರಾದ ದಿಲೀಪ್ ಮಹಲನಬೀಸರು ಸಕ್ಕರೆ ಮತ್ತು ಲವಣಗಳ ಇಂತಹ ನೀರನ್ನೇ ಕುಡಿಸಿ ನೂರಕ್ಕೆ ಸುಮಾರು 30ರಷ್ಟಿದ್ದ ಸಾವನ್ನು 4ಕ್ಕಿಂತ ಕೆಳಗಿಳಿಸಿದರು. ಸರಿಯಾದ ಅಳತೆಯ ಬೆಲೆ ಎಷ್ಟೆಂಬುದು ಇದರಿಂದ ವ್ಯಕ್ತವಾಗುತ್ತದೆ.

8. ಊರ ಹಬ್ಬದ ಪಾನಕ: ಗ್ರಾಮದ ಮುಖಂಡರ ಗಮನಕ್ಕೆ

ರಾಮನವಮಿ, ರಥೋತ್ಸವ ಮತ್ತು ಜಾತ್ರೆಗಳಲ್ಲಿ ಪಾನಕವನ್ನು ಹಂಚುವುದು ಪುಣ್ಯಕಾರ್ಯವೆಂದು ಎಣಿಸಲ್ಪಟ್ಟಿದೆ. ಒಂದೇ ಹಂಡೆಯಿಂದ ನೂರಾರು ಮಂದಿ ಕುಡಿಯುವುದರಿಂದ, ಅಲ್ಲಿ ಆಗುವ ಒಂದು ತಪ್ಪು ನೂರಾರು ಮನೆಗಳನ್ನು ಮುಟ್ಟುವುದು. ಮನೆಯ ಪಾನಕಕ್ಕೆ ಮನೆಯ ಯಜಮಾನಿಯು ಹೊಣೆಯಾದಂತೆ ಊರಿನ ಪಾನಕಕ್ಕೆ ಊರಿನ ಮುಖಂಡರು ಹೊಣೆಗಾರರು. 200 ಮಂದಿಗೆ ತಲಾ ಒಂದು ಲೋಟದಂತೆ ನೀರು 40 ಲೀಟರು, ಬೆಲ್ಲ 4 ಕಿಲೋಗ್ರಾಂ, ನಿಂಬೆಯ ಹಣ್ಣು 80, ಒಣಶುಂಠಿಯ ಪುಡಿ 40 ಗ್ರಾಂ, ಏಲಕ್ಕಿ 20 ಗ್ರಾಂ, ಮೆಣಸು 10 ಗ್ರಾಂ ಬೇಕಾಗುವುವು.

ನೀರನ್ನು ಹಿಂದಿನ ರಾತ್ರಿಯೇ ಕಾಯಿಸಿ ಮುಚ್ಚಿಡತಕ್ಕದ್ದು. ಬೆಲ್ಲದಲ್ಲಿ ಮರಳೂ ಕಸವೂ ಇರುವುದರಿಂದ ಅದನ್ನು ಕರಗಿಸಿ, ಕುದಿಸಿ, ಸೋಸಬೇಕು. ಹಣ್ಣು ಹಿಂಡುವವರೂ ಬಡಿಸುವವರೂ ಸಾಬೂನಿನಿಂದ ಕೈತೊಳೆದಿರಬೇಕು. ಭೇದಿಯಾಗುತ್ತಿರುವವರನ್ನು ಈ ಕೆಲಸಕ್ಕೆ ಸೇರಿಸಕೂಡದು. ಹಂಡೆಗೆ ಬಿಳಿಯ ಬಟ್ಟೆಯನ್ನು ಹೊದಿಸಿ, ಉದ್ದವಾದ ಹಿಡಿಯುಳ್ಳ ಸೌಟಿನಿಂದ ಹೊಯ್ಯಬೇಕಲ್ಲದೆ ಕುಡಿದ ಲೋಟವನ್ನು ಹಂಡೆಯೊಳಗೆ ಅದ್ದಬಾರದು. ಬೆಳಗ್ಗೆ ಬೆರೆಸಿದ ಪಾನಕವು ಮಧ್ಯಾಹ್ನಕ್ಕೆ ಉಳಿದರೆ, ಎಷ್ಟೇ ಉಳಿದಿರಲಿ, ಚೆಲ್ಲಿಬಿಡತಕ್ಕದ್ದು.

9. ಹಿತ್ತಿಲಿನ ನಿಂಬೆಯ ಗಿಡ

ಒಂದು ಸಂಸಾರಕ್ಕೆ ಎರಡು ಗಿಡಗಳು ಸಾಕು. ಗಿಡದಿಂದ ಗಿಡಕ್ಕೆ 5ರಿಂದ 6 ಮೀಟರು ಅಂತರವಿರಬೇಕು. ಬುಡದಲ್ಲಿ ನೀರು ನಿಲ್ಲಬಾರದು. ಬೀಜದಿಂದ ಬೆಳೆಸಿದ ಸಸಿಯು ಸಾಮಾನ್ಯವಾಗಿ ನಾಲ್ಕೈದು ವರ್ಷಗಳಲ್ಲಿ ಫಲಕ್ಕೆ ಬರುವುದು. ವಿಜಯಪುರದ ಸೀಮೆಯಲ್ಲಿ, ಮುಖ್ಯವಾಗಿ ಇಂಡಿಯ ಸುತ್ತುಮುತ್ತ, ರೈತರು ನಿಂಬೆಯನ್ನೇ ಮುಖ್ಯ ತೋಟದ ಬೆಳೆಯಾಗಿ ಮಾಡಿಕೊಂಡಿರುವರು. ಮಳೆಗಾಲದಲ್ಲಿ ಹಣ್ಣು ಹೇರಳವಾಗಿಯೂ ಬೇಸಗೆಯಲ್ಲಿ ವಿರಳವಾಗಿಯೂ ಇರುವುದು ಈ ಗಿಡದ ಸ್ವಭಾವ. ಮಳೆ ಕಡಿಮೆಯಾದ ಕಡೆಗಳಲ್ಲಿ ಆಗಸ್ಟ್ ಸೆಪ್ಟೆಂಬರ್ ತಿಂಗಳುಗಳಲ್ಲಿ ಕೆಲವು ವಾರ ನೀರನ್ನು ತಡೆದು, ಆ ಮೇಲೆ ಗೊಬ್ಬರವನ್ನು ಹಾಕಿ ನೀರು ಕೊಟ್ಟರೆ ಗಿಡವು ಹೂಬಿಟ್ಟು ಏಪ್ರಿಲ್ ಮೇ ತಿಂಗಳುಗಳಿಗೆ ಹಣ್ಣು ಕೊಡುವುದು. ಬೆಲೆಯೂ ಅವಶ್ಯಕತೆಯೂ ಹೆಚ್ಚಾಗಿರುವ ಕಾಲವು ಅದೇ ಆಗಿದೆ.

ಪಾಕವನ್ನು ಮಾರಾಟಕ್ಕಾಗಿ ತಯಾರಿಸುವವರು 2006ನೆಯ ಇಸವಿಯ ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ ನೋಂದಣಿ ಮಾಡಿಸಿಕೊಳ್ಳತಕ್ಕದ್ದು.

ನೆನಪಿನಲ್ಲಿಡತಕ್ಕ ಅಂಶಗಳು

1. ನೀರನ್ನು ಕುದಿಸಬೇಕು, ರಸವನ್ನು ಕುದಿಸಬಾರದು.
2. ಕಲಾಯಿ ಇಲ್ಲದ ತಾಮ್ರ ಹಿತ್ತಾಳೆಗಳಲ್ಲಿ ಹುಳಿಯನ್ನು ಇಡಬಾರದು.
3. ಕೀಟನಾಶಕದ ಡಬ್ಬಿಗಳನ್ನು ಮುಟ್ಟಬಾರದು.
4. ದುಡಿಯುವವರಿಗೆ ಸಿಹಿ ಕಡಿಮೆ, ಉಪ್ಪು ಅಳತೆಗೆ ತಕ್ಕಷ್ಟು.
5. ನೀರು ಬೆರೆಸಿದ ಪಾನಕವು ಆ ದಿನದ್ದು ಆ ದಿನಕ್ಕೇ.