ಮೂರು ತಿಂಗಳು ಬರೆ, ಆಮೇಲೆ ಬಜೆಟ್

ಸಾಗರ

ಚಿ. ಪುಟ್ಟಿಗೆ,

ಮಳೆ ಇನ್ನೂ ಬಿಟ್ಟಿಲ್ಲ. ತೋಟಕ್ಕೆ ಎರಡನೇ ಸಲ ಔಷಧಿ ಹೊಡೆಸಬೇಕೆಂದು ನಿನ್ನ ಅಪ್ಪ ಹೊಳವು ಕಾಯುತ್ತಾ ಕೂತಿದ್ದಾನೆ. ನಿನ್ನ ಮೊದಲ ಸಂಬಳ ಬಂದ ಸುದ್ದಿ ಕೇಳಿ ಮನೆಮಂದಿಗೆಲ್ಲ ಸಂತೋಷವಾಯಿತು. ಅದರ ಜೊತೆಗೇ ನೀನು ಬರೆದಿದ್ದೆಯಲ್ಲ, "ಈ ಭಾನುವಾರ ಸಂಜೆ ಕೂತು ಆಪ್‌ನಲ್ಲಿ ಒಂದು ಬಜೆಟ್ ಹಾಕಿ ಮುಗಿಸಿಬಿಡ್ತೇನೆ ದೊಡ್ಡಮ್ಮ" ಅಂತ. ಆ ಮಾತಿಗೆ ಫೋನಿನಲ್ಲಿ ಉತ್ತರ ಹೇಳುವುದು ಬೇಡ ಅನ್ನಿಸಿತು. ಅದಕ್ಕೇ ಈ ಕಾಗದ.

ಸಂಬಳ ಕೈಗೆ ಬಂದ ವಾರವೇ ಬಜೆಟ್ ಯೋಚನೆ ಬಂದದ್ದು ದೊಡ್ಡ ವಿಷಯ, ಕೂಸೇ. ಆದರೆ ಭಾನುವಾರ ಸಂಜೆ ಮುಗಿಯುವ ಕೆಲಸ ಇದಲ್ಲ. ಈಗ ನೀನು ಬಾಡಿಗೆಗೆ ಇಷ್ಟು, ಊಟಕ್ಕೆ ಇಷ್ಟು, ಓಡಾಟಕ್ಕೆ ಇಷ್ಟು ಎಂದು ಬರೆದರೆ ಬಾಡಿಗೆಯೊಂದನ್ನು ಬಿಟ್ಟು ಉಳಿದ ಅಂಕಿಗಳೆಲ್ಲ ಊಹೆಯವೇ ಆಗಿರುತ್ತವೆ. ಎರಡನೇ ತಿಂಗಳು ಖರ್ಚು ಆ ಅಂಕಿಗಳನ್ನು ದಾಟುತ್ತದೆ. ಆಗ ನಿನಗೆ ನಿನ್ನ ಮೇಲೇ ಬೇಸರ ಬರುತ್ತದೆ, ಮೂರನೇ ತಿಂಗಳು ಆಪ್ ತೆರೆಯುವುದೇ ಇಲ್ಲ. ಶಿಸ್ತಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುವ ಹುಡುಗ ಹುಡುಗಿಯರನ್ನು ಕಂಡಾಗಲೆಲ್ಲ ನನಗೆ ಹೇಳಬೇಕೆನಿಸುವುದು ಇದು: ತಪ್ಪು ನಿಮ್ಮ ಶಿಸ್ತಿನದ್ದಲ್ಲ, ಸಿದ್ಧತೆಗೆ ಸಮಯ ಕೊಡದೆ ಹಾಕಿದ ಅಂಕಿಗಳದ್ದು.

ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಲೇ ನನ್ನ ನೌಕರಿ ಕಳೆಯಿತು ಎಂಬುದು ನಿನಗೆ ಗೊತ್ತೇ ಇದೆ. ವಾರ್ಷಿಕ ಮಹಾಸಭೆಯಲ್ಲಿ ಸದಸ್ಯರ ಮುಂದೆ ಇಡುವ ಬಜೆಟ್ ಹಾಳೆಯನ್ನು ಒಮ್ಮೆ ನೋಡು. ಹೋದ ವರ್ಷ ಅಂದಾಜು ಮಾಡಿದ್ದು, ನಿಜವಾಗಿ ಖರ್ಚಾದದ್ದು, ಬರುವ ವರ್ಷಕ್ಕೆ ಕೇಳುತ್ತಿರುವುದು, ಮೂರೂ ಪಕ್ಕಪಕ್ಕದಲ್ಲೇ ಇರುತ್ತವೆ. ನಡುವಿನ ಕಾಲಂ ತುಂಬದೆ ಮೂರನೆಯದನ್ನು ಬರೆಯಲು ಯಾವ ಕಾರ್ಯದರ್ಶಿಗೂ ಧೈರ್ಯವಿರುವುದಿಲ್ಲ; ಸದಸ್ಯರೊಬ್ಬರು ಎದ್ದು ನಿಂತು "ಇದನ್ನ ಯಾವ ಆಧಾರದ ಮೇಲೆ ಹಾಕಿದ್ರಿ?" ಎಂದು ಕೇಳಿಯೇ ಕೇಳುತ್ತಾರೆ. ವಿಧಾನಸಭೆಯಲ್ಲಿ ಒಂದು ದಿನ ಓದುವ ಆಯವ್ಯಯಕ್ಕೂ ಇಲಾಖೆಗಳು ಎಷ್ಟೋ ತಿಂಗಳ ಮೊದಲೇ ಅಂಕಿ ಒಟ್ಟುಮಾಡಲು ತೊಡಗಿರುತ್ತವೆ. ಸ್ವತಂತ್ರ ಭಾರತದ ಮೊದಲ ಬಜೆಟ್ಟನ್ನು ಷಣ್ಮುಖಂ ಚೆಟ್ಟಿಯವರು ಮಂಡಿಸಿದ್ದು 1947ರ ನವೆಂಬರ್ 26ರಂದು. ಅದು ಪೂರ್ತಿ ವರ್ಷದ್ದಾಗಿರಲಿಲ್ಲ, ಆಗಸ್ಟ್ 15ರಿಂದ ಮರುವರ್ಷದ ಮಾರ್ಚ್ 31ರವರೆಗಿನ ಏಳೂವರೆ ತಿಂಗಳದ್ದು. ಹೊಸ ದೇಶವೇ ಮೊದಲಿಗೆ ಚಿಕ್ಕ ಅವಧಿಗೆ ಲೆಕ್ಕ ಹಾಕಿಕೊಂಡಿತು. ಹೊಸ ನೌಕರಿಯ ನೀನೂ ಹಾಗೆ ಮಾಡಿದರೆ ಏನೂ ಕಡಿಮೆಯಾಗುವುದಿಲ್ಲ.

ಹಾಗಾದರೆ ಭಾನುವಾರ ಏನು ಮಾಡಲಿ ಎಂದು ಕೇಳುತ್ತೀಯ. ಸಂಬಳದ ಚೀಟಿ ಬಿಡಿಸಿ ಕೂತುಕೋ. ಅದೊಂದಕ್ಕೇ ಒಂದು ತಾಸು ಬೇಕು. ನೀನು ಎಲ್ಲರಿಗೂ ವರ್ಷಕ್ಕೆ ಆರು ಲಕ್ಷ ಎಂದು ಹೇಳಿದ್ದೀಯ, ಅಂದರೆ ತಿಂಗಳಿಗೆ 50,000 ಎಂದೇ ಮನಸ್ಸಿನಲ್ಲಿ ಕೂತಿದೆ. ಆ ಸಿಟಿಸಿಯಲ್ಲಿ, ಅಂದರೆ ಕಂಪನಿ ನಿನಗಾಗಿ ಮಾಡುವ ಒಟ್ಟು ವೆಚ್ಚದಲ್ಲಿ, ಮೂಲ ವೇತನ ಅರ್ಧ, ಅಂದರೆ 25,000 ಎಂದು ಇಟ್ಟುಕೋ. ಅದರ ಮೇಲೆ ಶೇಕಡಾ 12ರಂತೆ ಕಂಪನಿ ಕಟ್ಟುವ ಭವಿಷ್ಯ ನಿಧಿ 3,000, ನಿನ್ನಿಂದ ಹಿಡಿಯುವುದು ಇನ್ನೊಂದು 3,000. ಗ್ರಾಚ್ಯುಟಿ ಎಂದು ಲೆಕ್ಕದಲ್ಲಿ ತೋರಿಸಿ ಕೈಗೆ ಕೊಡದಿರುವುದು ಸುಮಾರು 1,200. ನಮ್ಮ ರಾಜ್ಯದ ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಇದೆಲ್ಲ ಕಳೆದರೆ ಖಾತೆಗೆ ಬೀಳುವುದು 42,600ರ ಆಸುಪಾಸು. ಅದರಲ್ಲೂ ವರ್ಷದ ಕೊನೆಗೆ ಕೊಡುವ ಬೋನಸ್ಸನ್ನು ಸಿಟಿಸಿಯೊಳಗೇ ಸೇರಿಸಿದ್ದರೆ ಇನ್ನೂ ಕಡಿಮೆ. ಭವಿಷ್ಯ ನಿಧಿಗೆ ಹೋದದ್ದು ನಿನ್ನದೇ ಹಣ, ಅದಕ್ಕೆ ಬೇಸರ ಬೇಡ. ಆದರೆ ಬಜೆಟ್ ಶುರುವಾಗುವುದು ಖಾತೆಗೆ ಬಿದ್ದ ಅಂಕಿಯಿಂದಲೇ. 50,000ದ ಮನಸ್ಸು ಇಟ್ಟುಕೊಂಡು 42,600ರಲ್ಲಿ ಬದುಕಲು ಹೊರಟರೆ ಪ್ರತಿ ತಿಂಗಳೂ ಕೊರತೆ.

ಆಮೇಲೆ ಮೂರು ತಿಂಗಳು ಸುಮ್ಮನೆ ಬರೆ. ಯಾವುದಕ್ಕೂ ಮಿತಿ ಹಾಕಬೇಡ, ಯಾವುದನ್ನೂ ಕಡಿಮೆ ಮಾಡಲು ಹೋಗಬೇಡ. ಈಗ ಹೇಗೆ ಖರ್ಚು ಮಾಡುತ್ತೀಯೋ ಹಾಗೇ ಮಾಡು, ರಾತ್ರಿ ಮಲಗುವ ಮುಂಚೆ ಐದು ನಿಮಿಷ ಬರೆದಿಡು. ಎಲ್ಲವೂ ಫೋನಿನಲ್ಲೇ ದಾಖಲಾಗಿರುತ್ತದಲ್ಲ ಎನ್ನಬಹುದು. ಆಗಿರುತ್ತದೆ, ನಿಜ. ಆದರೆ ಯುಪಿಐ ಪಟ್ಟಿಯಲ್ಲಿ ಇರುವುದು ಹಣ ಪಡೆದವರ ಹೆಸರು, ಏತಕ್ಕೆ ಕೊಟ್ಟೆ ಎಂಬುದಲ್ಲ. ಯಾರದೋ ಹೆಸರಿಗೆ 60 ರೂಪಾಯಿ ಹೋಗಿರುತ್ತದೆ. ಅದು ಆಟೋವೋ, ಸೊಪ್ಪೋ, ಸಂಜೆಯ ಬಜ್ಜಿಯೋ ಎಂದು ಅವತ್ತು ರಾತ್ರಿ ನೆನಪಿರುತ್ತದೆ, ತಿಂಗಳ ಕೊನೆಗೆ ದೇವರಾಣೆಗೂ ನೆನಪಾಗುವುದಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದರೂ ಆದೀತು, ಆಪ್‌ನಲ್ಲಿ ಬರೆದರೂ ಆದೀತು, ಅದರ ಬಗ್ಗೆ ನನ್ನದೇನೂ ಹಟವಿಲ್ಲ.

ಒಂದು ವಿಷಯದಲ್ಲಿ ಮಾತ್ರ ಹಟವಿದೆ. "ಇತರೆ" ಎಂಬ ಕಾಲಂ ದೊಡ್ಡದಾಗಲು ಬಿಡಬೇಡ. ಲೆಕ್ಕ ತಪಾಸಣೆಗೆ ಬಂದ ಆಡಿಟರು ಮೊದಲು ಬೆರಳಿಡುತ್ತಿದ್ದದ್ದು "ಇತರೆ ವೆಚ್ಚ"ದ ಮೇಲೇ. ಸಣ್ಣದಿದ್ದರೆ ಮುಂದೆ ಹೋಗುತ್ತಿದ್ದರು, ದೊಡ್ಡದಿದ್ದರೆ ಅಲ್ಲೇ ನಿಲ್ಲುತ್ತಿದ್ದರು. ನಿನ್ನ ಲೆಕ್ಕದಲ್ಲಿ ಅದು ಬಾಡಿಗೆಯ ಹತ್ತಿರ ಹತ್ತಿರ ಬಂದರೆ ಅದನ್ನು ಒಡೆದು ನೋಡಲೇಬೇಕು. ಹಾಗೆಂದು ಮೂವತ್ತು ಶೀರ್ಷಿಕೆ ಮಾಡಿಕೊಂಡು ಕಷ್ಟಪಡಬೇಡ. ಎಂಟು ಹತ್ತು ಸಾಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಸಂಬಳದವರು ಸೋಲುವುದು ತಿಂಗಳ ಖರ್ಚಿನಲ್ಲಲ್ಲ, ವರ್ಷಕ್ಕೊಮ್ಮೆ ಬರುವ ಖರ್ಚಿನಲ್ಲಿ. ನಮ್ಮ ಅಡಿಕೆ ಬೆಳೆಗಾರರನ್ನೇ ನೋಡು. ಕೊಯ್ಲಾಗಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕುವ ಹೊತ್ತಿಗೆ ಚಳಿಗಾಲ ಮುಗಿಯುತ್ತಾ ಬಂದಿರುತ್ತದೆ. ಹಣ ಬರುವುದು ಆಗ. ಆದರೆ ಮೈಲುತುತ್ತ, ಸುಣ್ಣ ತಂದು ಕೊಳೆರೋಗಕ್ಕೆ ಔಷಧಿ ಹೊಡೆಸಬೇಕಾದದ್ದು ಮಳೆಗಾಲದಲ್ಲಿ. ಮಕ್ಕಳ ಶಾಲೆಯ ಫೀಸು ಜೂನಿನಲ್ಲಿ. ಕೊಯ್ಲಿನ ಕೂಲಿ ಅಡಿಕೆ ಮಾರುವ ಮೊದಲೇ ಕೊಡಬೇಕು. ಅದಕ್ಕೇ ಇಲ್ಲಿಯ ಮನೆಗಳಲ್ಲಿ ಹಣ ಬಂದ ದಿನವೇ ಮುಂದಿನ ಮಳೆಗಾಲದ ಮಾತು ಬರುತ್ತದೆ. ನಿನ್ನ ಅಜ್ಜಿ ಶಾಲೆಯ ಮುಖ ಸರಿಯಾಗಿ ಕಂಡವರಲ್ಲ. ಆದರೂ ಮಂಡಿಯ ಹಣ ಬಂದಾಗ ಔಷಧಿಯದು, ಫೀಸಿನದು, ಶ್ರಾದ್ಧದ್ದು, ದೀಪಾವಳಿಯ ಬಟ್ಟೆಯದು ಎಂದು ಬೇರೆಬೇರೆ ಎತ್ತಿಡುತ್ತಿದ್ದರು. ಯಾವುದು ಯಾವ ತಿಂಗಳಿನದು ಎಂಬುದು ಅವರಿಗೆ ಬಾಯಿಪಾಠ. ವರ್ಷವನ್ನು ಇಡಿಯಾಗಿ ಕಾಣುವ ಆ ಕಣ್ಣು ಸಂಬಳದ ಮಕ್ಕಳಿಗೆ ಬರುವುದು ಕಷ್ಟ, ಏಕೆಂದರೆ ಪ್ರತಿ ತಿಂಗಳೂ ಹಣ ಬರುತ್ತದೆ ಎಂಬ ಧೈರ್ಯ ಅವರಿಗೆ.

ನಿನಗೂ ಅಂಥ ಖರ್ಚುಗಳಿವೆ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಒಂದೊಂದೇ ತಿಂಗಳು ನೋಡುತ್ತಾ ಹೋಗು. ಉದಾಹರಣೆಗೆ ಹೇಳುತ್ತೇನೆ: ಅಪ್ಪ ಅಮ್ಮನ ಆರೋಗ್ಯ ವಿಮೆಯಲ್ಲಿ ನೀನು ಹೊರುತ್ತೇನೆಂದ ಪಾಲು 24,000, ಸ್ಕೂಟರಿನ ವಿಮೆ, ಸರ್ವಿಸ್ ಸೇರಿ 6,000, ಊರಿಗೆ ಬಂದು ಹೋಗುವುದು 8,000, ಮದುವೆ, ಉಪನಯನಗಳ ಉಡುಗೊರೆ, ಬಟ್ಟೆ 10,000. ಕೂಡಿಸಿದರೆ 48,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 4,000. ಯಾವ ತಿಂಗಳ ಪಟ್ಟಿಯಲ್ಲೂ ಕಾಣದ ಈ 4,000 ನಿನ್ನ ಸಂಬಳದಲ್ಲಿ ಈಗಾಗಲೇ ಖರ್ಚಾಗಿ ಹೋದ ಹಣ ಎಂದು ತಿಳಿ. ಸಂಬಳ ಬಂದ ಮರುದಿನವೇ ಅದು ಬೇರೊಂದು ಖಾತೆಗೋ ಆರ್‌ಡಿಗೋ ಹೋಗಲಿ. ಹನ್ನೊಂದು ತಿಂಗಳ ಬಾಡಿಗೆ ಕರಾರು ಮುಗಿದಾಗ ಬಾಡಿಗೆ ಏರುತ್ತದೆ, ಆ ತಿಂಗಳನ್ನೂ ಈಗಲೇ ಗುರುತು ಹಾಕಿಕೋ. ಮನೆ ಬಿಡುವಾಗ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಎಂಬುದನ್ನು ಕರಾರಿನಲ್ಲಿ ಓದು. ಫೋನಿನಲ್ಲಿ ತಾನಾಗಿಯೇ ಕಡಿತವಾಗಲು ಒಪ್ಪಿಗೆ ಕೊಟ್ಟಿರುವ ಆಟೋಪೇ ಪಟ್ಟಿಯನ್ನು ತೆಗೆದು ನೋಡು. ನೋಡದೇ ಬಿಟ್ಟ ಸಿನಿಮಾ ಆಪ್‌ಗೆ ಹಣ ಹೋಗುತ್ತಿರುವುದು ಅಲ್ಲೇ ಸಿಗುತ್ತದೆ. ಈ ವರ್ಷದ ಪಟ್ಟಿ ಒಂದೇ ಸಲಕ್ಕೆ ಪೂರ್ತಿಯಾಗುವುದಿಲ್ಲ. ಹನ್ನೆರಡು ತಿಂಗಳು ಕಳೆದ ಮೇಲೆಯೇ ನಿನ್ನ ಬಜೆಟ್ ನಿಜವಾಗಿ ತಯಾರಾಯಿತು ಎನ್ನಬಹುದು.

ಹಣ ಬರುವ ಲಯ ಯಾವುದೋ, ತಯಾರಿಯ ಲಯವೂ ಅದೇ ಆಗಿರಬೇಕು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿದ್ದು ಇದನ್ನು ಅರಿತೇ. ಟಿ.ಎಂ.ಎ. ಪೈಯವರು ಮತ್ತು ಜೊತೆಗಾರರು ಕಟ್ಟಿದ ಆ ಬ್ಯಾಂಕಿನ ಏಜೆಂಟರು ದಿನವೂ ಮನೆ, ಅಂಗಡಿಯ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆಯುತ್ತಿದ್ದರು. ದಿನದಿನ ದುಡಿದು ತಿನ್ನುವವರಿಗೆ ದಿನದಿನವೇ ಎತ್ತಿಡುವ ದಾರಿ. ನಿನ್ನ ರೂಮಿನಲ್ಲಿರುವ ಆ ಚಿತ್ರ ಬರೆಯುವ ಹುಡುಗಿಗೆ ಒಂದು ತಿಂಗಳು ಕೆಲಸ ಇದೆ, ಒಂದು ತಿಂಗಳು ಇಲ್ಲ ಎಂದಿದ್ದೆ. ಅವಳಿಗೆ ನಿನ್ನ ಬಜೆಟ್ ಹೊಂದುವುದಿಲ್ಲ. ಕಳೆದ ವರ್ಷ ಎಲ್ಲಕ್ಕಿಂತ ಕಡಿಮೆ ಬಂದ ತಿಂಗಳು ಯಾವುದೆಂದು ಹುಡುಕಿ, ಆ ಅಂಕಿಯ ಮೇಲೆ ಮನೆಖರ್ಚು ಹಾಕಿಕೊಳ್ಳಲು ಹೇಳು. ಹೆಚ್ಚು ಬಂದ ತಿಂಗಳಿನದು ಬರದ ತಿಂಗಳಿಗೆ.

ನೀನು ಕೇಳಿದ್ದ 50, 30, 20ರ ಸೂತ್ರದ ಬಗ್ಗೆಯೂ ಹೇಳಿಬಿಡುತ್ತೇನೆ. ಅಗತ್ಯಕ್ಕೆ ಅರ್ಧ, ಬಯಕೆಗೆ ಶೇಕಡಾ 30, ಉಳಿತಾಯಕ್ಕೆ ಶೇಕಡಾ 20 ಎಂಬ ಆ ಲೆಕ್ಕವನ್ನು ಜನಪ್ರಿಯ ಮಾಡಿದ್ದು ಎಲಿಜಬೆತ್ ವಾರೆನ್ ತಮ್ಮ ಮಗಳ ಜೊತೆ 2005ರಲ್ಲಿ ಬರೆದ ಪುಸ್ತಕ. ಅವರ ಕಣ್ಣ ಮುಂದೆ ಇದ್ದದ್ದು ಅಮೆರಿಕದ ಸಂಸಾರಗಳು. ಬೆಂಗಳೂರಿನ ಬಾಡಿಗೆ ಕಟ್ಟಿ, ಊರಿಗೂ ಹಣ ಕಳಿಸುವ ಮೊದಲ ನೌಕರಿಯ ಹುಡುಗಿಗೆ ಅರ್ಧದೊಳಗೆ ಅಗತ್ಯ ಮುಗಿಯದಿದ್ದರೆ ಅದು ಸೋಲಲ್ಲ. ನಿನ್ನ ಮೂರು ತಿಂಗಳ ಲೆಕ್ಕವೇ ನಿನಗೆ ಸೂತ್ರ ಕೊಡುತ್ತದೆ.

ಊರಿಗೆ ಹಣ ಎಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಕೇಳಿದರೆ ನಿನ್ನ ಅಮ್ಮ "ನಮಗೇನೂ ಬೇಡ, ನೀನು ಚೆನ್ನಾಗಿರು" ಎಂದೇ ಅನ್ನುತ್ತಾಳೆ. ಆ ಮಾತು ಕೇಳಿ ಆ ಸಾಲನ್ನು ಖಾಲಿ ಬಿಡಬೇಡ. ಅಪ್ಪನ ಹತ್ತಿರ ಕೂತು ಬೆಳೆಸಾಲ ಎಷ್ಟಿದೆ, ಕಂತು ಯಾವ ತಿಂಗಳು, ಕೊಳೆ ಬಂದು ಫಸಲು ಕಡಿಮೆಯಾದರೆ ಎಷ್ಟು ಕೊರತೆ ಬೀಳುತ್ತದೆ ಎಂದು ಕೇಳಿ ತಿಳಿದುಕೋ. ಅವನಿಗೆ ಮೊದಲು ಮುಜುಗರವಾಗಬಹುದು. ಮಗಳು ಲೆಕ್ಕ ಕೇಳಿದಳು ಎಂದು ಆಮೇಲೆ ಊರೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬರುತ್ತಾನೆ, ನನಗೆ ಗೊತ್ತು. ನಿನ್ನಿಂದ ಆಗುವಷ್ಟು ಮೊತ್ತವನ್ನು ಬಾಡಿಗೆಯ ಕೆಳಗಿನ ಸಾಲಿನಲ್ಲೇ ಬರೆ. ಆಗದಷ್ಟನ್ನು ಒಪ್ಪಿಕೊಂಡು ಆಮೇಲೆ ಕಾರ್ಡಿನಿಂದ ತೆಗೆದು ಕಳಿಸುವ ಕೆಲಸ ಮಾತ್ರ ಬೇಡ. ಕ್ರೆಡಿಟ್ ಕಾರ್ಡಿನ ಬಾಕಿಗೆ ತಿಂಗಳಿಗೆ ಶೇಕಡಾ ಮೂರೂವರೆ ಬಡ್ಡಿ ಎಂದರೆ ವರ್ಷಕ್ಕೆ 42. ಕನಿಷ್ಠ ಮೊತ್ತ ಕಟ್ಟಿದರೆ ಸಾಕು ಎಂದು ಬಿಲ್ಲಿನಲ್ಲಿ ಬರೆದಿರುವುದನ್ನು ನಂಬಿ ಕೂರಬೇಡ.

ಹಾಗೆಯೇ ರಂಗಶಂಕರದ ನಾಟಕದ ಟಿಕೆಟ್ಟಿಗೆ ಒಂದು ಸಾಲು ಇಟ್ಟುಕೋ. ನಾಟಕ ನೋಡಿ ಬಂದ ರಾತ್ರಿ ನೀನು ಫೋನಿನಲ್ಲಿ ಎಷ್ಟು ಖುಷಿಯಿಂದ ಮಾತಾಡುತ್ತೀಯ ಎಂದು ನಮಗೆಲ್ಲ ಗೊತ್ತು. ಅದನ್ನು ಮೊದಲು ಹೊಡೆದು ಹಾಕುವ ಬಜೆಟ್ ಹೆಚ್ಚು ದಿನ ನಡೆಯುವುದಿಲ್ಲ.

ಮೂರು ತಿಂಗಳು ಮುಗಿದ ಮೇಲೆ ಒಂದು ರಜೆಯ ಬೆಳಗ್ಗೆ ಪೂರ್ತಿ ಇದಕ್ಕೆಂದೇ ಇಡು. ಸಂಬಳದ ಚೀಟಿಗಳು, ಬ್ಯಾಂಕಿನ ಸ್ಟೇಟ್‌ಮೆಂಟು, ಕಾರ್ಡಿನ ಬಿಲ್ಲು, ಬಾಡಿಗೆ ಕರಾರು, ವಿಮೆಯ ರಸೀದಿ ಎಲ್ಲವೂ ಹಿಂದಿನ ರಾತ್ರಿಯೇ ಒಂದು ಕಡೆ ಸೇರಿರಲಿ. ಕೂತ ಮೇಲೆ ಕಾಗದ ಹುಡುಕಲು ಎದ್ದರೆ ಬೆಳಗ್ಗೆ ಅಲ್ಲೇ ಹೋಗುತ್ತದೆ. ಮೂರು ತಿಂಗಳ ಸರಾಸರಿ ಒಂದು ಕಾಲಂ, ವರ್ಷದ ಖರ್ಚಿನ ಹನ್ನೆರಡನೇ ಒಂದು ಪಾಲು ಇನ್ನೊಂದು. ಎರಡನ್ನೂ ಸಂಬಳದಿಂದ ಕಳೆ. ಉಳಿದದ್ದು ಎಷ್ಟೆಂದು ಕಂಡ ಮೇಲೆಯೇ ಎಲ್ಲಿ ಕಡಿಮೆ ಮಾಡಬೇಕು ಎಂಬ ಪ್ರಶ್ನೆ. ಅಲ್ಲಿಂದ ಮುಂದೆ ತಿಂಗಳಿಗೆ ಅರ್ಧ ತಾಸು ಸಾಕಾಗುತ್ತದೆ. ಅಂಕಿ ತಪ್ಪಿದರೆ ತಿದ್ದು, ಸರಕಾರವೂ ಪ್ರತಿ ವರ್ಷ ಪರಿಷ್ಕೃತ ಅಂದಾಜು ಎಂದು ತಿದ್ದಿಯೇ ತಿದ್ದುತ್ತದೆ.

ದೀಪಾವಳಿಗೆ ಬರುವ ಹೊತ್ತಿಗೆ ನಿನ್ನ ಮೂರು ತಿಂಗಳು ಮುಗಿದಿರುತ್ತದೆ. ಬರುವಾಗ ಆ ಪುಸ್ತಕ ತಂದರೆ ಇಬ್ಬರೂ ಕೂತು ಬಜೆಟ್ ಹಾಕೋಣ. ತಾಳಗುಪ್ಪದ ರೈಲಿಗೆ ಟಿಕೆಟ್ ಸಿಗುವುದು 60 ದಿನ ಮುಂಚೆಯಿಂದ. ಆ ದಿನ ಗುರುತು ಹಾಕಿಟ್ಟುಕೊಂಡು ಬುಕ್ ಮಾಡು, ಹಬ್ಬದ ವಾರ ಖಾಸಗಿ ಬಸ್ಸಿನವರು ಕೇಳುವ ದರ ಕೊಡಬೇಕಾಗುವುದಿಲ್ಲ. ಈ ಕಾಗದ ಓದಿದ ರಾತ್ರಿಯೇ ಅವತ್ತಿನ ಖರ್ಚು ಬರೆದಿಡು, ಕೂಸೇ.

ಇಂತಿ,
ನಿನ್ನ ದೊಡ್ಡಮ್ಮ