ನಾಲ್ಕನೇ ಮೆಟ್ಟಿಲು, ಆರನೇ ಮೆಟ್ಟಿಲು

ಫೀಡ್‌ಬ್ಯಾಕ್ ಫಾರ್ಮ್ ತುಂಬಿದ ಮೇಲೂ ಏನೂ ಬದಲಾಗದಿದ್ರೆ ಹೇಗಿರುತ್ತೆ ಅಂತ ನಮಗೆಲ್ಲ ಗೊತ್ತು. ವಿಷಯ ಮನೆಯದ್ದೇ ಆದ್ರೆ?

1969ರಲ್ಲಿ ಶೆರಿ ಅರ್ನ್‌ಸ್ಟೈನ್ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಅದರಲ್ಲಿ ಸಮಾಲೋಚನೆ ನಾಲ್ಕನೆಯದು, ಪಾಲುದಾರಿಕೆ ಆರನೆಯದು. ನಾಲ್ಕರಲ್ಲಿ ನಮ್ಮ ಮಾತು ಕೇಳ್ತಾರೆ, ನಿರ್ಧಾರ ಮಾತ್ರ ಅವರದ್ದೇ. ಆರರಲ್ಲಿ ನಿರ್ಧಾರದಲ್ಲೂ ನಮಗೆ ಪಾಲಿರುತ್ತೆ.

ಉದಾಹರಣೆಗೆ, ದಕ್ಷಿಣ ಲಂಡನ್ನಿನ ಕ್ರೆಸಿಂಗ್‌ಹ್ಯಾಮ್ ಗಾರ್ಡನ್ಸ್. ಲ್ಯಾಂಬೆತ್ ಕೌನ್ಸಿಲ್ ಕಟ್ಟಿಸಿದ ಸುಮಾರು 300 ಮನೆಗಳು. ರಿಪೇರಿಯಿಂದ ಹಿಡಿದು ಪೂರ್ತಿ ಕೆಡವುವವರೆಗೆ ಐದು ಆಯ್ಕೆ ಕೊಟ್ಟು ಅಭಿಪ್ರಾಯ ಕೇಳಿದ ಕೌನ್ಸಿಲ್, ನಡುವೆಯೇ ರಿಪೇರಿ ಆಯ್ಕೆಗಳನ್ನು ಕೈಬಿಟ್ಟಿತು. ಇದು ಕಾನೂನುಬಾಹಿರ ಅಂತ 2015ರಲ್ಲಿ ಹೈಕೋರ್ಟ್ ಹೇಳಿತು. ಕೌನ್ಸಿಲ್ ಮತ್ತೆ ಕೇಳಿ, 2016ರಲ್ಲಿ ಕೆಡವುವುದನ್ನೇ ಆರಿಸಿತು! ಅಂದ್ರೆ ಕೋರ್ಟ್ ಕೇಳುವ ಕ್ರಮವನ್ನು ಸರಿ ಮಾಡಬಹುದು, ಮೆಟ್ಟಿಲು ಹತ್ತಿಸಲಾರದು.

2018ರಿಂದ, ಲಂಡನ್ ಮೇಯರ್ ನಿಧಿ ಬಳಸಿ ಮನೆ ಕೆಡವಿ ಕಟ್ಟುವ ದೊಡ್ಡ ಯೋಜನೆಗಳಿಗೆ ಸಾಮಾನ್ಯವಾಗಿ ನಿವಾಸಿಗಳ ಮತದಾನ ಬೇಕು. ಅದು ಆರರ ಕಡೆಗೆ ಒಂದು ಹೆಜ್ಜೆ.

ಹಳೇ ಕಟ್ಟಡ ಉಳಿಸಿದರೆ ಹೊಸ ಸಿಮೆಂಟು, ಸ್ಟೀಲಿನ ಕಾರ್ಬನ್ ತಪ್ಪುತ್ತೆ. ಹೊಸದು ಕಟ್ಟಿದರೆ ಮನೆ ಬೆಚ್ಚಗಿಡುವ ಖರ್ಚು ಇಳಿಯಬಹುದು. ಈ ಲೆಕ್ಕ ಹಾಕೋದು ನಮ್ಮಂಥ ಇಂಜಿನಿಯರ್‌ಗಳು. ಆಯ್ಕೆಗಳ ಬಾಗಿಲು ಮುಚ್ಚುವ ಮೊದಲೇ ಅದನ್ನು ನಿವಾಸಿಗಳ ಮುಂದಿಡಬೇಕು.